ಬಿಡುವಿನ ನಂತರ ಗಾಲ್ಫ್ ಸ್ವಿಂಗ್ ಹದ ತಪ್ಪಿದಾಗ: ದೋಷವನ್ನು ಪತ್ತೆಹಚ್ಚುವ ಕ್ರಮ

ಕೆಲವು ವರ್ಷ ಗಾಲ್ಫ್ ಬಿಟ್ಟಿದ್ದು ಮತ್ತೆ ಕ್ಲಬ್ ಹಿಡಿದವರ ದೂರು ಬಹುಮಟ್ಟಿಗೆ ಒಂದೇ ಬಗೆಯದು. ಹತ್ತು ಹೊಡೆತಗಳಲ್ಲಿ ಎರಡು ಮೊದಲಿನಂತೆಯೇ ಹೋಗುತ್ತವೆ, ಉಳಿದವು ಎಲ್ಲಿಗೆ ಹೋಗುತ್ತವೆಂದು ಹೇಳಲಾಗದು. ದೋಷವನ್ನು ಹುಡುಕುವವರಿಗೆ ಆ ಎರಡು ಒಳ್ಳೆಯ ಹೊಡೆತಗಳೇ ಮೊದಲ ಸುಳಿವು, ಏಕೆಂದರೆ ಸ್ವಿಂಗ್, ಅಂದರೆ ಕ್ಲಬ್ ಬೀಸುವ ಚಲನೆ, ನಿಜವಾಗಿಯೂ ಮರೆತುಹೋಗಿದ್ದರೆ ಅವು ಬರುತ್ತಲೇ ಇರಲಿಲ್ಲ. ಒಮ್ಮೆ ಚೆನ್ನಾಗಿ ಕಲಿತ ಚಲನೆಯ ಒಟ್ಟು ರೂಪ ದೇಹದಲ್ಲಿ ಬಹುಕಾಲ ಉಳಿಯುತ್ತದೆ. ಮೊದಲು ಕೈತಪ್ಪುವುದು ಲಯ, ಹಿಡಿತ ಎಷ್ಟು ಬಿಗಿ ಇರಬೇಕೆಂಬ ಅಂದಾಜು, ಚೆಂಡಿನ ಮುಂದೆ ನಿಲ್ಲುವ ಕ್ರಮ, ಮತ್ತು ಸೊಂಟ ಹಾಗೂ ಬೆನ್ನಿನ ಮೇಲ್ಭಾಗ ತಿರುಗುವ ಸಾಮರ್ಥ್ಯ. ಆದ್ದರಿಂದ ಹೊಸ ಸ್ವಿಂಗ್ ಕಟ್ಟಲು ಹೊರಡುವ ಬದಲು, ಹಳೆಯ ಸ್ವಿಂಗ್‌ಗೆ ಈಗ ಅಡ್ಡ ಬರುತ್ತಿರುವುದು ಏನೆಂದು ಒಂದೊಂದಾಗಿ ಪರೀಕ್ಷಿಸಿ ತಿಳಿಯುವುದೇ ಸರಿಯಾದ ದಾರಿ ಎಂದು ನಾನು ದೃಢವಾಗಿ ನಂಬಿದ್ದೇನೆ. ಇಲ್ಲಿ ಹೇಳಿರುವುದೆಲ್ಲ ಬಲಗೈ ಆಟಗಾರರಿಗೆ ಅನ್ವಯಿಸುತ್ತದೆ. ಎಡಗೈ ಆಟಗಾರರು ಎಡಬಲಗಳನ್ನು ಅದಲುಬದಲು ಮಾಡಿಕೊಂಡು ಓದಬೇಕು.

ಸ್ವಿಂಗ್ ಮುಟ್ಟುವ ಮೊದಲು ನೋಡಬೇಕಾದವು

ಬ್ಯಾಗನ್ನು ಅಟ್ಟದಿಂದ ಇಳಿಸಿದ ಕೂಡಲೇ ಕ್ಲಬ್‌ಗಳ ರಬ್ಬರ್ ಗ್ರಿಪ್‌ಗಳನ್ನು ಬೆರಳಿನಿಂದ ಉಜ್ಜಿ ನೋಡಿ. ಬಳಸದೆ ಇಟ್ಟ ರಬ್ಬರ್ ಕೂಡ ಕಾಲಕ್ರಮದಲ್ಲಿ ಗಟ್ಟಿಯಾಗಿ ನುಣುಪಾಗುತ್ತದೆ. ಜಾರುವ ಗ್ರಿಪ್ಪನ್ನು ಕೈ ತನಗೆ ತಿಳಿಯದಂತೆಯೇ ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ, ಆ ಬಿಗಿತ ಮುಂಗೈಗೂ ಭುಜಕ್ಕೂ ಏರುತ್ತದೆ, ಮಣಿಕಟ್ಟು ಸಡಿಲವಾಗಿ ತಿರುಗದೆ ಕ್ಲಬ್‌ನ ಮುಖ ತೆರೆದುಕೊಂಡೇ ಚೆಂಡಿಗೆ ತಾಗುತ್ತದೆ. ಹೀಗೆ ಹುಟ್ಟಿದ ಸ್ಲೈಸನ್ನು, ಅಂದರೆ ಬಲಕ್ಕೆ ಬಾಗುವ ಹೊಡೆತವನ್ನು, ಸ್ವಿಂಗ್‌ನಲ್ಲಿ ಹುಡುಕುತ್ತಾ ಕುಳಿತರೆ ವಾರಗಳೇ ಕಳೆಯುತ್ತವೆ. ಹಳೆಯ ಗ್ಲೌಸ್ ಒಣಗಿ ಬಿರುಸಾಗಿದ್ದರೆ ಅದನ್ನೂ ಬದಲಿಸಿ. ಬಿಡುವಿನ ನಂತರ ಹೊಸ ಐರನ್ ಸೆಟ್ ಕೊಂಡಿದ್ದರೆ ಇನ್ನೊಂದು ವಿಷಯ ಗಮನದಲ್ಲಿರಲಿ: ಈಗಿನ ಅನೇಕ ಸೆಟ್‌ಗಳಲ್ಲಿ 7 ಐರನ್‌ನ ಲಾಫ್ಟ್ (ಕ್ಲಬ್‌ನ ಮುಖ ಹಿಂದಕ್ಕೆ ವಾಲಿರುವ ಕೋನ) 30 ಡಿಗ್ರಿಗಿಂತಲೂ ಕಡಿಮೆ ಇರುತ್ತದೆ, ಹಳೆಯ ಸೆಟ್‌ಗಳಲ್ಲಿ ಅದು 34-36 ಡಿಗ್ರಿಯ ಆಸುಪಾಸಿನಲ್ಲಿತ್ತು. ಹಾಗಾಗಿ ಹಳೆಯ 7 ಐರನ್‌ನ ಎತ್ತರವನ್ನೂ ದೂರವನ್ನೂ ಹೊಸದರಲ್ಲಿ ನಿರೀಕ್ಷಿಸಿ ಹೋಲಿಸುವುದು ತಪ್ಪು ತೀರ್ಮಾನಕ್ಕೆ ಎಡೆಮಾಡುತ್ತದೆ.

ನಲವತ್ತು ದಾಟಿ ಆಟಕ್ಕೆ ಮರಳಿದವರಲ್ಲಿ ಯಾರೂ ಗಮನಿಸದ ಒಂದು ಕಾರಣ ಕನ್ನಡಕ. ಆಟ ಬಿಟ್ಟಾಗ ಕನ್ನಡಕವೇ ಇರಲಿಲ್ಲ, ಈಗ ಪ್ರೋಗ್ರೆಸ್ಸಿವ್ ಅಥವಾ ಬೈಫೋಕಲ್ ಬಂದಿದೆ ಎಂದುಕೊಳ್ಳಿ. ಚೆಂಡು ಕಣ್ಣಿನಿಂದ ಒಂದೂವರೆ ಮೀಟರ್‌ನಷ್ಟು ದೂರದಲ್ಲಿ ನೆಲದ ಮೇಲಿರುತ್ತದೆ, ಆದರೆ ಕೆಳಗೆ ನೋಡುವ ಕಣ್ಣು ಹಾದುಹೋಗುವುದು ಹತ್ತಿರದ ಓದಿಗೆಂದು ಮಾಡಿದ ಕೆಳಭಾಗದ ಗಾಜಿನ ಮೂಲಕ. ಚೆಂಡು ಮಸುಕಾಗಿ ಕಾಣುವುದರಿಂದ ಆಟಗಾರ ಗದ್ದವನ್ನು ಎದೆಗೆ ಒತ್ತಿ, ಗಾಜಿನ ಮೇಲ್ಭಾಗದಿಂದ ನೋಡಲು ಯತ್ನಿಸುತ್ತಾನೆ. ಗದ್ದ ಕೆಳಗಿಳಿದರೆ ಎಡಭುಜ ಅದರ ಅಡಿಯಲ್ಲಿ ತಿರುಗಲು ಜಾಗವಿಲ್ಲ. ಭುಜ ತಿರುಗದಿದ್ದರೆ ತೋಳುಗಳು ಮಾತ್ರ ಮೇಲೇಳುತ್ತವೆ, ಇಲ್ಲವೇ ಇಡೀ ದೇಹ ನೆಟ್ಟಗಾಗುತ್ತದೆ. ಪರೀಕ್ಷೆ ಸುಲಭ: ದೂರದೃಷ್ಟಿಗೆ ಮಾತ್ರ ಇರುವ ಒಂದೇ ಪವರಿನ ಕನ್ನಡಕ ಹಾಕಿಕೊಂಡು ಕೆಲವು ಚೆಂಡು ಹೊಡೆಯಿರಿ. ಹೊಡೆತ ಸುಧಾರಿಸಿದರೆ ತೊಂದರೆ ಸ್ವಿಂಗ್‌ನಲ್ಲಿ ಇರಲೇ ಇಲ್ಲ ಎಂದಾಯಿತು.

ದೇಹದ ಮಟ್ಟಿಗೆ ಒಂದೇ ಒಂದು ಪರೀಕ್ಷೆ ಸಾಕು. ಕುರ್ಚಿಯ ತುದಿಯಲ್ಲಿ ನೆಟ್ಟಗೆ ಕುಳಿತು, ಮೊಣಕಾಲುಗಳನ್ನು ಜೋಡಿಸಿ, ಎದೆಗೆ ಅಡ್ಡಲಾಗಿ ಕ್ಲಬ್ ಹಿಡಿದು ಬಲಕ್ಕೂ ಎಡಕ್ಕೂ ತಿರುಗಿ. ಸುಮಾರು 45 ಡಿಗ್ರಿ ತಿರುಗಲಾಗದಿದ್ದರೆ, ವರ್ಷಗಟ್ಟಲೆ ಮೇಜಿನ ಮುಂದೆ ಕುಳಿತ ಬೆನ್ನು ಹಳೆಯ ಉದ್ದದ ಬ್ಯಾಕ್‌ಸ್ವಿಂಗ್‌ಗೆ (ಕ್ಲಬ್ಬನ್ನು ಹಿಂದಕ್ಕೆ ಮೇಲೊಯ್ಯುವ ಭಾಗಕ್ಕೆ) ಈಗ ಸಹಕರಿಸದು. ಇದರ ಪರಿಣಾಮವನ್ನು ಲಯದ ಭಾಗದಲ್ಲಿ ಮತ್ತೆ ನೋಡೋಣ. ಬೆನ್ನು, ಭುಜ ಅಥವಾ ಮೊಣಕೈಯಲ್ಲಿ ನೋವಿದ್ದರೆ ಮಾತ್ರ ಈ ಯಾವ ಪರೀಕ್ಷೆಗೂ ಇಳಿಯದೆ ಮೊದಲು ವೈದ್ಯರನ್ನು ಕಾಣಬೇಕು.

ಚದುರುವ ತಪ್ಪೋ, ಒಂದೇ ಬಗೆಯ ತಪ್ಪೋ

ಈ ಇಡೀ ಪತ್ತೆಕಾರ್ಯದ ಕೀಲು ಈ ಪ್ರಶ್ನೆಯಲ್ಲಿದೆ. ಚೆಂಡು ಪ್ರತಿ ಸಲವೂ ಬಲಕ್ಕೇ ಬಾಗುತ್ತಿದ್ದರೆ, ಅಥವಾ ಪ್ರತಿ ಸಲವೂ ಎಡಕ್ಕೇ ಹೊರಡುತ್ತಿದ್ದರೆ, ಕಾರಣ ಸ್ಥಿರವಾದ ಯಾವುದೋ ಒಂದು ಸಂಗತಿ. ಅದು ಬಹುಪಾಲು ಹಿಡಿತದಲ್ಲಿ, ನಿಲುವಿನಲ್ಲಿ ಅಥವಾ ಗುರಿಗೆ ದೇಹವನ್ನು ಹೊಂದಿಸಿದ ರೀತಿಯಲ್ಲಿ ಇರುತ್ತದೆ. ಒಂದು ಬಲಕ್ಕೆ, ಮುಂದಿನದು ಎಡಕ್ಕೆ, ಮೂರನೆಯದು ನೆಲದಲ್ಲೇ ಉರುಳಿ ಹೋಗುತ್ತಿದ್ದರೆ, ಕ್ಲಬ್‌ನ ಮುಖದ ಯಾವ ಜಾಗ ಚೆಂಡಿಗೆ ತಾಗುತ್ತಿದೆ ಎಂಬುದೇ ಸ್ಥಿರವಾಗಿಲ್ಲ. ಅದಕ್ಕೆ ಲಯ, ಸಮತೋಲ ಮತ್ತು ಸ್ವಿಂಗ್‌ನ ಉದ್ದ ಕಾರಣ. ಎರಡಕ್ಕೂ ಮದ್ದು ಬೇರೆ ಬೇರೆ. ಚದುರುವ ತಪ್ಪಿಗೆ ಹಿಡಿತ ಬದಲಿಸುವುದೂ, ಸ್ಥಿರವಾದ ಸ್ಲೈಸ್‌ಗೆ ನಿಧಾನವಾಗಿ ಬೀಸುವುದೂ ಎರಡೂ ವ್ಯರ್ಥ. ಮರಳಿ ಬಂದವರು ತಿಂಗಳುಗಟ್ಟಲೆ ಒದ್ದಾಡುವುದು ಹೆಚ್ಚಾಗಿ ಇದನ್ನು ಬೇರ್ಪಡಿಸದೆ, ಪ್ರತಿ ಹೊಡೆತಕ್ಕೂ ಹಿಂದಿನ ಹೊಡೆತದ ತಪ್ಪನ್ನು ತಿದ್ದಲು ಹೋಗುವುದರಿಂದ.

ಪ್ರಶ್ನೆಗೆ ಉತ್ತರ ಪಡೆಯಲು 7 ಐರನ್, ಹದಿನೈದು ಚೆಂಡು ಮತ್ತು ವೈಟ್‌ಬೋರ್ಡ್ ಮೇಲೆ ಬರೆಯುವ ಒಂದು ಮಾರ್ಕರ್ ಸಾಕು. ಪ್ರತಿ ಚೆಂಡಿನ ಹಿಂಬದಿಯಲ್ಲಿ, ಅಂದರೆ ಕ್ಲಬ್ ತಾಗುವ ಕಡೆಯಲ್ಲಿ, ದಪ್ಪನೆಯ ಚುಕ್ಕೆ ಇಟ್ಟು ಹೊಡೆದರೆ ಆ ಮಸಿ ಕ್ಲಬ್‌ನ ಮುಖದ ಮೇಲೆ ಅಚ್ಚೊತ್ತುತ್ತದೆ. ಅದನ್ನು ನೋಡಿ, ಬರೆದುಕೊಂಡು, ಒರೆಸಿ, ಮುಂದಿನ ಚೆಂಡಿಗೆ ಹೋಗಿ. ಪ್ರತಿ ಹೊಡೆತಕ್ಕೆ ಬರೆಯಬೇಕಾದ್ದು ಇಷ್ಟೇ: ಅಚ್ಚು ಬಿದ್ದ ಜಾಗ, ಚೆಂಡು ಹೊರಟ ದಿಕ್ಕು, ನಂತರ ಬಾಗಿದ ದಿಕ್ಕು. ದೂರವನ್ನು ಬರೆಯಬೇಡಿ. ರೇಂಜ್‌ನ, ಅಂದರೆ ಅಭ್ಯಾಸದ ಮೈದಾನದ, ಚೆಂಡುಗಳು ಸವೆದಿರುತ್ತವೆ, ಅವು ಹೋಗುವ ದೂರ ಯಾವುದಕ್ಕೂ ಸಾಕ್ಷಿಯಲ್ಲ. ಅದಲ್ಲದೆ ಹಳೆಯ ದೂರವನ್ನು ಹಿಡಿಯಲು ಹೋಗುವ ಹಂಬಲವೇ ಲಯವನ್ನು ಕೆಡಿಸುತ್ತದೆ. ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನಕ್ಕೆ ಬಂದದ್ದು, ತನಗಿಂತ ಬಹಳ ದೂರ ಹೊಡೆಯುವವರ ನಡುವೆ, ನೇರ ಹೊಡೆತ ಮತ್ತು ಪಟಿಂಗ್‌ನ ಬಲದಿಂದ.

ಬರೆದುಕೊಂಡದ್ದನ್ನು ಓದುವ ಕ್ರಮ ತಿಳಿಯಬೇಕಾದರೆ ತಾಗುವ ಕ್ಷಣದಲ್ಲಿ ನಡೆಯುವುದನ್ನು ಅರಿತಿರಬೇಕು. ಚೆಂಡು ಕ್ಲಬ್‌ಗೆ ಅಂಟಿಕೊಂಡಿರುವುದು ಸುಮಾರು ಅರ್ಧ ಮಿಲಿಸೆಕೆಂಡ್ ಮಾತ್ರ. ಆ ಹೊತ್ತಿನಲ್ಲಿ ಕೈಯಿಂದ ಏನನ್ನೂ ತಿದ್ದಲಾಗದು. ಚೆಂಡು ಹೊರಡುವ ದಿಕ್ಕನ್ನು ಬಹುಪಾಲು ನಿರ್ಧರಿಸುವುದು ಕ್ಲಬ್‌ನ ಮುಖ ನೋಡುತ್ತಿರುವ ದಿಕ್ಕು. ಐರನ್‌ಗಳಲ್ಲಿ ಅದರ ಪಾಲು ಸುಮಾರು ಮುಕ್ಕಾಲು, ಅತಿ ದೂರ ಹೊಡೆಯುವ ಡ್ರೈವರ್ ಕ್ಲಬ್‌ನಲ್ಲಿ ಇನ್ನೂ ಹೆಚ್ಚು. ನಂತರ ಚೆಂಡು ಬಾಗುವುದು ಮುಖದ ದಿಕ್ಕಿಗೂ ಕ್ಲಬ್ ಸಾಗಿದ ಹಾದಿಗೂ ಇರುವ ವ್ಯತ್ಯಾಸದಿಂದ: ಹಾದಿಗೆ ಹೋಲಿಸಿದರೆ ಮುಖ ಬಲಕ್ಕೆ ತೆರೆದಿದ್ದರೆ ಚೆಂಡು ಬಲಕ್ಕೆ, ಎಡಕ್ಕೆ ಮುಚ್ಚಿದ್ದರೆ ಎಡಕ್ಕೆ. ಚೆಂಡು ಎಡಕ್ಕೆ ಹೊರಟು ಬಲಕ್ಕೆ ಬಾಗಿದರೆ, ಮುಖ ಗುರಿಯ ಎಡಕ್ಕೂ ಹಾದಿ ಅದಕ್ಕಿಂತ ಹೆಚ್ಚು ಎಡಕ್ಕೂ ಇತ್ತು ಎಂದು ಅರ್ಥ. ಆದರೆ ಈ ಲೆಕ್ಕವೆಲ್ಲ ಅಚ್ಚು ಮುಖದ ನಡುವೆ ಬಿದ್ದಾಗ ಮಾತ್ರ ನಂಬತಕ್ಕದ್ದು. ವಿಶೇಷವಾಗಿ ಡ್ರೈವರ್‌ನಲ್ಲಿ, ಶ್ಯಾಫ್ಟ್‌ಗೆ ಹತ್ತಿರದ ಹೀಲ್ ಕಡೆ ತಾಗಿದ ಚೆಂಡು ಬಲಕ್ಕೂ, ಹೊರತುದಿಯ ಟೋ ಕಡೆ ತಾಗಿದ್ದು ಎಡಕ್ಕೂ ಬಾಗುತ್ತದೆ, ಸ್ವಿಂಗ್‌ನ ಹಾದಿ ಸರಿಯಾಗಿದ್ದರೂ ಕೂಡ. ಹೀಲ್‌ಗೆ ತಾಗಿ ಬಲಕ್ಕೆ ಬಾಗಿದ ಚೆಂಡನ್ನು ನೋಡಿ ಹಿಡಿತ ಬದಲಿಸಿದವರು, ಮುಂದೆ ನಡುವೆ ತಾಗಿದಾಗ ಹುಕ್, ಅಂದರೆ ಎಡಕ್ಕೆ ಬಾಗುವ ಹೊಡೆತ, ಕಂಡು ಕಂಗಾಲಾಗುತ್ತಾರೆ.

ನೆಲ ಮೊದಲು, ಚೆಂಡು ಆಮೇಲೆ

ಚೆಂಡಿಗೆ ಮೊದಲು ನೆಲಕ್ಕೆ ಬಡಿಯುವ ಫ್ಯಾಟ್ ಹೊಡೆತ, ಚೆಂಡಿನ ಹೊಟ್ಟೆಗೆ ಕ್ಲಬ್‌ನ ಅಂಚು ತಾಗುವ ಥಿನ್, ಚೆಂಡಿನ ತಲೆ ಮಾತ್ರ ಸವರುವ ಟಾಪ್, ಈ ಮೂರೂ ಬೇರೆ ಬೇರೆ ರೋಗಗಳೆಂದು ತೋರಿದರೂ ಮರಳಿ ಬಂದವರಲ್ಲಿ ಅವು ಸಾಮಾನ್ಯವಾಗಿ ಒಂದೇ ಮೂಲದವು. ಸ್ವಿಂಗ್‌ನ ಅತಿ ತಗ್ಗಿನ ಬಿಂದು ಚೆಂಡಿನ ಹಿಂದೆ ಬಿದ್ದಿದೆ. ಕ್ಲಬ್ ಅಲ್ಲಿ ನೆಲಕ್ಕೆ ತಾಗಿದರೆ ಫ್ಯಾಟ್. ನೆಲವನ್ನು ತಪ್ಪಿಸಿಕೊಂಡು ಮೇಲೇರುತ್ತಾ ಚೆಂಡಿಗೆ ತಲುಪಿದರೆ ಥಿನ್ ಅಥವಾ ಟಾಪ್. ಒಂದೇ ದಿನ ಫ್ಯಾಟ್ ಮತ್ತು ಥಿನ್ ಸರದಿಯಂತೆ ಬರುತ್ತಿದ್ದರೆ ಇದೇ ಎಂದು ಹೆಚ್ಚು ಕಡಿಮೆ ಖಚಿತವಾಗಿ ಹೇಳಬಹುದು.

ಇದನ್ನು ಸಾಬೀತು ಮಾಡಲು ಹುಲ್ಲುನೆಲ ಬೇಕು. ರೇಂಜ್‌ನ ಮ್ಯಾಟ್ ಮೇಲೆ ಕ್ಲಬ್ ಚೆಂಡಿನ ಹಿಂದೆ ಬಡಿದರೂ ಜಾರಿ ಚೆಂಡಿಗೆ ತಲುಪಿಬಿಡುತ್ತದೆ, ತಪ್ಪು ಮುಚ್ಚಿಹೋಗುತ್ತದೆ. ಮೇಲಾಗಿ ಗಟ್ಟಿ ಮ್ಯಾಟ್‌ಗೆ ಪದೇ ಪದೇ ಬಡಿಯುವುದು ಮೊಣಕೈಯ ಒಳಬದಿಯ ಸ್ನಾಯುರಜ್ಜುವಿಗೆ ಹಾನಿ. ಅಭ್ಯಾಸಕ್ಕೆ ಅನುಮತಿ ಇರುವ ಜಾಗದಲ್ಲಿ, ಗುರಿಯ ದಿಕ್ಕಿಗೆ ಅಡ್ಡವಾಗಿ ರಂಗೋಲಿ ಪುಡಿಯಲ್ಲಿ ಒಂದು ಗೆರೆ ಎಳೆಯಿರಿ. ಚೆಂಡು ಇಡದೆ, ಚೆಂಡು ಇರಬೇಕಾದ ಜಾಗದಲ್ಲಿ ಗೆರೆ ಬರುವಂತೆ ನಿಂತು ಬೀಸಿ, ಹುಲ್ಲು ಎಲ್ಲಿ ಕಿತ್ತುಬಂದಿದೆ ನೋಡಿ. ಡಿವೋಟ್, ಅಂದರೆ ಹುಲ್ಲು ಕಿತ್ತುಬಂದ ಗುರುತು, ಗೆರೆಯ ಮೇಲೆ ಆರಂಭವಾಗಿ ಗುರಿಯ ಕಡೆಗೆ ಕೆಲವು ಅಂಗುಲ ಸಾಗಬೇಕು. ಗೆರೆಯ ಹಿಂದೆಯೇ ಆರಂಭವಾದರೆ ರೋಗ ಸಿಕ್ಕಿತು. ಚೆಂಡು ಇಲ್ಲದಿದ್ದಾಗ ಗೆರೆಯ ಮುಂದೆಯೂ, ಚೆಂಡು ಇಟ್ಟಾಗ ಹಿಂದೆಯೂ ತಾಗುತ್ತಿದ್ದರೆ, ಚಲನೆ ಸರಿಯಿದೆ, ಚೆಂಡನ್ನು ಎತ್ತಿ ಕಳಿಸಬೇಕೆಂಬ ಆತಂಕ ಅದನ್ನು ಕೆಡಿಸುತ್ತಿದೆ ಎಂದು ತಿಳಿಯಬೇಕು. ಚೆಂಡನ್ನು ಎತ್ತುವ ಕೆಲಸ ಕ್ಲಬ್‌ನ ಲಾಫ್ಟ್‌ನದು. ಆಟಗಾರ ಎತ್ತಲು ಹೋದರೆ ಭಾರ ಬಲಗಾಲಿನಲ್ಲೇ ಉಳಿದು ತಗ್ಗಿನ ಬಿಂದು ಹಿಂದಕ್ಕೆ ಸರಿಯುತ್ತದೆ.

ಮೊದಲ ಸಂಶಯ ಚೆಂಡಿನ ಜಾಗದ ಮೇಲೆ ಇರಲಿ. ಬಿಡುವಿನ ನಂತರ ಚೆಂಡು ನಿಲುವಿನಲ್ಲಿ ಎಡಪಾದದ ಕಡೆಗೆ ಸರಿದಿರುವುದು ಬಹಳ ಸಾಮಾನ್ಯ. 7 ಐರನ್‌ಗೆ ಚೆಂಡು ಎರಡು ಪಾದಗಳ ನಡುವಿನಿಂದ ಒಂದು ಚೆಂಡಿನಷ್ಟು ಎಡಕ್ಕೆ ಇದ್ದರೆ ಸಾಕು. ಎಡಹಿಮ್ಮಡಿಯ ಒಳಭಾಗದ ನೇರಕ್ಕೆ ಇರಬೇಕಾದ್ದು ಡ್ರೈವರ್‌ನ ಚೆಂಡು ಮಾತ್ರ. ಜಾಗ ಸರಿಯಿದ್ದೂ ತಪ್ಪು ಉಳಿದರೆ ಎರಡನೆಯ ಪರೀಕ್ಷೆ ಮಾಡಿ: ಆರಂಭದಲ್ಲೇ ದೇಹದ ಭಾರದ ಹೆಚ್ಚಿನ ಪಾಲನ್ನು ಎಡಗಾಲಿನ ಮೇಲೆ ಇಟ್ಟು, ಅದನ್ನು ಕದಲಿಸದೆ, ಸೊಂಟದೆತ್ತರಕ್ಕೆ ಮಾತ್ರ ಕ್ಲಬ್ ಒಯ್ದು ಹೊಡೆಯಿರಿ. ಹೊಡೆತ ಶುದ್ಧವಾಗಿ ಬಂದರೆ, ಕ್ಲಬ್ ಚೆಂಡಿನ ಕಡೆಗೆ ಇಳಿಯುವ ಡೌನ್‌ಸ್ವಿಂಗ್‌ನಲ್ಲಿ ಭಾರ ಎಡಕ್ಕೆ ಬರುತ್ತಿಲ್ಲ ಎಂಬುದು ಖಚಿತ, ಮತ್ತು ಅದೇ ಪರೀಕ್ಷೆ ಅಭ್ಯಾಸವೂ ಆಗುತ್ತದೆ. ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಸ್ವಿಂಗ್‌ನ ಉದ್ದವನ್ನು ಹೆಚ್ಚಿಸುತ್ತಾ ಹೋಗಬಹುದು.

ಚೆಂಡು ಟಾಪ್ ಆದಾಗಲೆಲ್ಲ ಪಕ್ಕದಲ್ಲಿರುವವರು "ತಲೆ ಎತ್ತಿದಿರಿ" ಎನ್ನುತ್ತಾರೆ. ಈ ಸಲಹೆಯಿಂದ ಒಳಿತಿಗಿಂತ ಕೆಡುಕೇ ಹೆಚ್ಚಾಗಿದೆ ಎಂಬುದು ನನ್ನ ಅಭಿಪ್ರಾಯ. ತಲೆ ತಾನಾಗಿ ಏಳುವುದಿಲ್ಲ. ಸೊಂಟ ಚೆಂಡಿನ ಕಡೆಗೆ ಮುಂದೊತ್ತಿ ಬಂದಾಗ ತೋಳುಗಳಿಗೆ ಜಾಗ ಸಾಲದೆ ಬೆನ್ನು ನೆಟ್ಟಗಾಗುತ್ತದೆ, ತಲೆ ಅದರೊಂದಿಗೆ ಏಳುತ್ತದೆ. ತಲೆಯನ್ನು ಬಲವಂತವಾಗಿ ಕೆಳಗೆ ಹಿಡಿದರೆ ಎದೆ ಗುರಿಯ ಕಡೆಗೆ ತಿರುಗದೆ, ಭಾರ ಹಿಂದೆಯೇ ಉಳಿದು, ಅದೇ ಟಾಪ್ ಮತ್ತೆ ಬರುತ್ತದೆ. ನಿಜವಾದ ಕಾರಣ ತಿಳಿಯಬೇಕಾದರೆ ಗೋಡೆಗೆ ಸೊಂಟದ ಹಿಂಭಾಗ ತಾಗುವಂತೆ ನಿಂತು ಕ್ಲಬ್ ಇಲ್ಲದೆ ನಿಧಾನವಾಗಿ ಸ್ವಿಂಗ್ ಮಾಡಿ ನೋಡಿ. ಬ್ಯಾಕ್‌ಸ್ವಿಂಗ್‌ನಲ್ಲಿ ಬಲಪೃಷ್ಠ, ಡೌನ್‌ಸ್ವಿಂಗ್‌ನಲ್ಲಿ ಎಡಪೃಷ್ಠ ಗೋಡೆಗೆ ತಾಗಿಕೊಂಡೇ ಇರಬೇಕು. ಚೆಂಡು ಹೊಡೆಯುವ ಹಂತ ಬರುವ ಮೊದಲೇ ಎರಡೂ ಗೋಡೆಯಿಂದ ಬಿಟ್ಟುಬಂದರೆ ತಲೆಯ ಮಾತನ್ನು ಮರೆತು ಸೊಂಟದ ಮೇಲೆ ಕೆಲಸ ಮಾಡಿ.

ಬಲಕ್ಕೇ ಬಾಗುವ ಚೆಂಡು

ಅಚ್ಚು ಮುಖದ ನಡುವೆಯೇ ಬೀಳುತ್ತಿದ್ದು ಚೆಂಡು ಸತತವಾಗಿ ಬಲಕ್ಕೆ ಬಾಗಿದರೆ ಮೊದಲು ಎಡಗೈಯನ್ನು ನೋಡಿ. ಅಭ್ಯಾಸ ತಪ್ಪಿದ ಬೆರಳುಗಳಿಗೆ ಕ್ಲಬ್ ಭಾರವೆನಿಸಿ, ಹಿಡಿತ ತಿಳಿಯದಂತೆ ಬೆರಳಿನಿಂದ ಅಂಗೈಗೆ ಜಾರಿರುತ್ತದೆ. ಗ್ರಿಪ್ ಕಿರುಬೆರಳಿನ ಬುಡದಿಂದ ತೋರುಬೆರಳಿನ ನಡುಗೆಣ್ಣಿನವರೆಗೆ ಓರೆಯಾಗಿ ಹಾದುಹೋಗಬೇಕು. ಮೇಲಿನಿಂದ ನೋಡಿದಾಗ ಎಡಗೈಯ ಎರಡು ಅಥವಾ ಎರಡೂವರೆ ಗೆಣ್ಣು ಕಾಣಬೇಕು. ಒಂದೇ ಗೆಣ್ಣು ಕಾಣುತ್ತಿದ್ದರೆ ಮುಖ ಮುಚ್ಚಿಕೊಳ್ಳಲು ಅವಕಾಶವೇ ಇಲ್ಲ. ಸರಿಪಡಿಸಿದ ಹಿಡಿತ ಒಂದೆರಡು ವಾರ ತೀರಾ ಅಸಹಜವಾಗಿ ತೋರುತ್ತದೆ, ಅದನ್ನು ತಪ್ಪಿನ ಲಕ್ಷಣವೆಂದು ಭಾವಿಸಬೇಡಿ.

ಎರಡನೆಯದಾಗಿ ನಿಂತ ದಿಕ್ಕನ್ನು ಅಳೆಯಿರಿ. ಒಂದು ಕ್ಲಬ್ಬನ್ನು ಗುರಿಯ ನೇರಕ್ಕೆ ಚೆಂಡಿನ ಆಚೆ, ಇನ್ನೊಂದನ್ನು ಅದಕ್ಕೆ ಸಮಾನಾಂತರವಾಗಿ ಪಾದಗಳ ಮುಂದೆ ನೆಲಕ್ಕೆ ಇಟ್ಟು ನಿಲ್ಲಿ. ಚೆಂಡು ಬಲಕ್ಕೆ ಹೋಗುತ್ತದೆಂದು ಗೊತ್ತಿರುವವರು ಸಹಜವಾಗಿಯೇ ಎಡಕ್ಕೆ ಗುರಿಯಿಡುತ್ತಾರೆ. ಆಗ ಕ್ಲಬ್‌ನ ಹಾದಿ ಇನ್ನಷ್ಟು ಎಡಕ್ಕೆ ಹೋಗಿ, ಮುಖ ಮತ್ತು ಹಾದಿಯ ಅಂತರ ಹೆಚ್ಚಿ, ಚೆಂಡು ಇನ್ನಷ್ಟು ಬಲಕ್ಕೆ ಬಾಗುತ್ತದೆ. ಪಾದಗಳು ಸರಿಯಿದ್ದೂ ಭುಜಗಳು ಎಡಕ್ಕೆ ತೆರೆದಿರಬಹುದು, ಏಕೆಂದರೆ ಬಲಗೈ ಗ್ರಿಪ್‌ನಲ್ಲಿ ಎಡಗೈಗಿಂತ ಕೆಳಗಿದೆ; ಭುಜಗಳ ಮೇಲೆ ಕ್ಲಬ್ ಅಡ್ಡವಿಟ್ಟು ಬೇರೆಯವರಿಂದ ನೋಡಿಸಿಕೊಳ್ಳುವುದು ಒಳ್ಳೆಯದು.

ಹುಕ್ ಇರುವವರಿಗೆ ಮೇಲಿನ ಹಿಡಿತದ ಸಲಹೆ ವಿಷವಾಗಬಹುದು. ಅಮೆರಿಕದ ಪ್ರಸಿದ್ಧ ಗಾಲ್ಫ್ ಆಟಗಾರ ಬೆನ್ ಹೋಗನ್ ತಮ್ಮ ವೃತ್ತಿಯ ಮೊದಲ ವರ್ಷಗಳಲ್ಲಿ ಬಳಲಿದ್ದು ಹುಕ್‌ನಿಂದ, ಅದಕ್ಕಾಗಿ ಅವರು ಎಡಗೈಯನ್ನು ಎಡಕ್ಕೆ ತಿರುಗಿಸಿ ಹಿಡಿತವನ್ನು 'ವೀಕ್' ಎನ್ನುವ ಬಗೆಗೆ ಬದಲಿಸಿಕೊಂಡರು. ಅದೇ ಹೋಗನ್ 1949ರ ಫೆಬ್ರವರಿಯಲ್ಲಿ ಬಸ್ಸೊಂದು ಕಾರಿಗೆ ಗುದ್ದಿ ಸಾವಿನಂಚಿಗೆ ಹೋಗಿದ್ದವರು, 1950ರ ಜೂನ್‌ನಲ್ಲಿ ಮೆರಿಯನ್ ಗಾಲ್ಫ್ ಕೋರ್ಸ್‌ನಲ್ಲಿ ಯು.ಎಸ್. ಓಪನ್ ಗೆದ್ದರು. ಪಟ್ಟಿ ಸುತ್ತಿದ ಕಾಲುಗಳಲ್ಲಿ ಅವರು ಆಡಿದ್ದನ್ನು ನೆನೆದಾಗ, ದೇಹ ಬದಲಾದ ಮೇಲೂ ಹದ ಮರಳಬಲ್ಲದೆಂಬ ಭರವಸೆ ನನಗೆ ಬರುತ್ತದೆ.

ಶ್ಯಾಂಕ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಶ್ಯಾಫ್ಟ್ ಸೇರುವ ಹೋಸಲ್‌ಗೆ ಚೆಂಡು ತಾಗಿ ಬಲಕ್ಕೆ ಸಿಡಿಯುವ ಈ ಹೊಡೆತಕ್ಕೆ ಕಾರಣ ಸಾಮಾನ್ಯವಾಗಿ ಸ್ವಿಂಗ್‌ನ ನಡುವೆ ಭಾರ ಕಾಲ್ಬೆರಳುಗಳ ಕಡೆಗೆ ಜಾರುವುದು. ಪಾದದ ನಡುವೆ ಭಾರವಿಟ್ಟು, ಚೆಂಡಿನ ಆಚೆ ಎರಡು ಅಂಗುಲ ದೂರದಲ್ಲಿ ಮೆತ್ತನೆಯ ಹೆಡ್‌ಕವರ್ ಇಟ್ಟು, ಅದಕ್ಕೆ ತಾಗದಂತೆ ಅರ್ಧ ಸ್ವಿಂಗ್ ಮಾಡುತ್ತಿದ್ದರೆ ಬೇಗ ಹೋಗುತ್ತದೆ.

ಚದುರುವ ಹೊಡೆತ ಮತ್ತು ಲಯ

ಅಚ್ಚು ಮುಖದ ಎಲ್ಲೆಡೆ ಬೀಳುತ್ತಿದ್ದವರು ಎರಡೂ ಪಾದಗಳನ್ನು ಜೋಡಿಸಿ ನಿಂತು, ಅರ್ಧ ಸ್ವಿಂಗ್‌ನಲ್ಲಿ ಅದೇ ಹದಿನೈದು ಚೆಂಡಿನ ಪರೀಕ್ಷೆಯನ್ನು ಮಾಡಲಿ. ಅಚ್ಚುಗಳು ನಡುವೆ ಒಟ್ಟುಗೂಡಿದರೆ ತಂತ್ರದಲ್ಲಿ ದೋಷವಿಲ್ಲ. ಕುರ್ಚಿಯ ಪರೀಕ್ಷೆಯಲ್ಲಿ ಕಂಡ ಬೆನ್ನು ಈಗ ತಿರುಗಬಲ್ಲಷ್ಟಕ್ಕಿಂತ ಉದ್ದದ ಬ್ಯಾಕ್‌ಸ್ವಿಂಗ್ ಮಾಡಲಾಗುತ್ತಿದೆ. ಕೊನೆಯ ಭಾಗವನ್ನು ಮೊಣಕೈ ಬಾಗಿಸಿ, ತೋಳೆತ್ತಿ ತುಂಬಿಸಲಾಗುತ್ತಿದೆ. ಅಲ್ಲಿಂದ ಕ್ಲಬ್ ಪ್ರತಿ ಸಲವೂ ಬೇರೆ ದಾರಿಯಲ್ಲಿ ಇಳಿಯುತ್ತಿದೆ. ಎಡತೋಳು ನೆಲಕ್ಕೆ ಸಮಾನಾಂತರವಾದ ಕಡೆಗೆ ಬ್ಯಾಕ್‌ಸ್ವಿಂಗ್ ನಿಲ್ಲಿಸುವುದರಿಂದ ಕಳೆದುಹೋಗುವ ದೂರ ಅಂದುಕೊಂಡಷ್ಟಿಲ್ಲ, ನಡುವೆ ತಾಗುವುದರಿಂದ ಗಳಿಸುವುದು ಅದಕ್ಕಿಂತ ಹೆಚ್ಚು. ಇನ್ನು ವೇಗದ ಮಾತು. ನುರಿತವರ ಸ್ವಿಂಗ್‌ನಲ್ಲಿ ಬ್ಯಾಕ್‌ಸ್ವಿಂಗ್‌ಗೆ ಹಿಡಿಯುವ ಕಾಲ ಡೌನ್‌ಸ್ವಿಂಗ್‌ನ ಕಾಲದ ಸುಮಾರು ಮೂರು ಪಟ್ಟು. ಮರಳಿ ಬಂದವರು ಬ್ಯಾಕ್‌ಸ್ವಿಂಗ್ ಮುಗಿಯುವ ಮೊದಲೇ ಕೈಗಳಿಂದ ಕೆಳಗೆಳೆಯುವುದರಿಂದ ಈ ಪ್ರಮಾಣ ಕೆಡುತ್ತದೆ. "ಒಂದು, ಎರಡು, ಮೂರು" ಎಂದು ಸಮವಾಗಿ ಎಣಿಸುತ್ತಾ ಮೇಲೊಯ್ದು, "ನಾಲ್ಕು" ಎನ್ನುವಾಗ ಚೆಂಡಿಗೆ ತಾಗುವಂತೆ ಅಭ್ಯಾಸ ಮಾಡಬಹುದು.

ರೇಂಜ್‌ನಲ್ಲಿ ಸರಿ, ಕೋರ್ಸ್‌ನಲ್ಲಿ ತಪ್ಪು

ಈ ದೂರು ಬಂದಾಗ ಮೊದಲು ನೆಲದ ಇಳಿಜಾರನ್ನು ಅನುಮಾನಿಸಿ. ಚೆಂಡು ಪಾದಗಳಿಗಿಂತ ಎತ್ತರದಲ್ಲಿದ್ದರೆ ಎಡಕ್ಕೂ, ತಗ್ಗಿನಲ್ಲಿದ್ದರೆ ಬಲಕ್ಕೂ ಹೋಗುವುದು ಲಾಫ್ಟ್‌ನ ಸಹಜ ಪರಿಣಾಮ. ಕೊಡಗು, ಚಿಕ್ಕಮಗಳೂರಿನಂತಹ ಗುಡ್ಡದ ಕೋರ್ಸ್‌ಗಳಲ್ಲಿ ಸಮತಟ್ಟಾದ ನಿಲುವು ಸಿಗುವುದೇ ಅಪರೂಪ, ಅಲ್ಲಿನ ತಪ್ಪನ್ನು ಸ್ವಿಂಗ್‌ನ ಲೆಕ್ಕಕ್ಕೆ ಬರೆಯಬಾರದು. ಸಮತಟ್ಟಾದ ಟೀಯಿಂದಲೂ (ಆಟ ಶುರುಮಾಡುವ ಜಾಗದಿಂದಲೂ) ತಪ್ಪು ಬರುತ್ತಿದ್ದರೆ ಅಭ್ಯಾಸದ ರೀತಿಯನ್ನು ಬದಲಿಸಿ: ರೇಂಜ್‌ನಲ್ಲಿ ಒಂದೇ ಕ್ಲಬ್‌ನಿಂದ ಒಂದೇ ಕಡೆಗೆ ಹೊಡೆಯುವ ಬದಲು, ಪ್ರತಿ ಚೆಂಡಿಗೂ ಕ್ಲಬ್ ಮತ್ತು ಗುರಿ ಎರಡನ್ನೂ ಬದಲಿಸಿ, ಪ್ರತಿ ಸಲವೂ ಹಿಂದೆ ಸರಿದು ಹೊಸದಾಗಿ ನಿಲ್ಲಿ. ಡ್ರೈವರ್ ಹೊರತೆಗೆಯುವುದು 7 ಐರನ್‌ನ ಅಚ್ಚುಗಳು ಒಂದು ರೂಪಾಯಿ ನಾಣ್ಯದಷ್ಟು ಜಾಗದೊಳಗೆ ಹೆಚ್ಚುಪಾಲು ಬೀಳತೊಡಗಿದ ಮೇಲೆ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಒಂದು ತಿಂಗಳು ಹೀಗೆ ಪರೀಕ್ಷಿಸಿದ ಮೇಲೂ ತಪ್ಪು ಬಿಡದಿದ್ದರೆ ತರಬೇತುದಾರರ ಬಳಿ ಹೋಗುವ ಸಮಯ ಬಂದಿದೆ. ಬರಿಗೈಯಲ್ಲಿ ಹೋಗಬೇಡಿ. ಅಚ್ಚುಗಳ ದಾಖಲೆ, ರಂಗೋಲಿ ಗೆರೆಯ ಫಲಿತಾಂಶ, ಮತ್ತು ಎರಡು ವಿಡಿಯೊಗಳನ್ನು ಒಯ್ಯಿರಿ: ಒಂದು ಎದೆಯ ಎದುರಿನಿಂದ ತೆಗೆದದ್ದು, ಇನ್ನೊಂದು ಹಿಂದಿನಿಂದ, ಗುರಿಯ ಕಡೆಗೆ ಮುಖಮಾಡಿ ತೆಗೆದದ್ದು. ಎರಡರಲ್ಲೂ ಫೋನ್ ಕೈಗಳಷ್ಟೇ ಎತ್ತರದಲ್ಲಿ ಇರಬೇಕು. ಹಿಂದಿನಿಂದ ತೆಗೆಯುವಾಗ ಅದು ಕೈಗಳ ನೇರಕ್ಕೆ, ಗುರಿಯ ಗೆರೆಗೆ ಸಮಾನಾಂತರವಾಗಿ ನಿಂತಿರಬೇಕು. ಒಂದು ಹೆಜ್ಜೆ ಎಡಕ್ಕೋ ಬಲಕ್ಕೋ ಸರಿದರೂ ಕ್ಲಬ್‌ನ ಹಾದಿ ಇರುವುದಕ್ಕಿಂತ ಬೇರೆಯಾಗಿ ಕಾಣುತ್ತದೆ, ಮತ್ತು ಇಲ್ಲದ ದೋಷಕ್ಕೆ ಚಿಕಿತ್ಸೆ ಆರಂಭವಾಗುತ್ತದೆ.